ಮುತ್ತು ಮಾಡುವ ಹುಳು: ಒಂದು ಪ್ರಭೇದನಾಮದ ಚರಿತ್ರೆ

೧. ವಿಷಯನಿರೂಪಣೆ

ಕಡಲಿನ ಮೀನುಗಳ ಕರುಳಿನಲ್ಲಿ ವಾಸಿಸುವ ಲಾಡಿಹುಳುಗಳ ವಿಚಾರವು ಸಾಹಿತ್ಯಾಭ್ಯಾಸಿಗಳ ಗಮನಕ್ಕೆ ತಕ್ಕುದೆಂದು ಹೇಳಿದರೆ ಮೊದಲಿಗೆ ವಿಚಿತ್ರವಾಗಿ ತೋರಬಹುದು. ಆದರೆ ಹೊಸದಾಗಿ ಕಂಡುಬಂದ ಪ್ರಾಣಿಯೊಂದನ್ನು ಶಾಸ್ತ್ರರೀತ್ಯಾ ವರ್ಣಿಸುವುದೆಂದರೆ ಅದಕ್ಕೆ ಹೆಸರಿಡುವುದೂ ಆಗಿದೆ. ಹೆಸರಿಡುವುದೆಂದರೆ ಶಬ್ದಕ್ಕೂ ವಸ್ತುವಿಗೂ ಒಂದು ಸಂಬಂಧವನ್ನು ಏರ್ಪಡಿಸುವುದು. ಈ ಸಂಬಂಧದ ಜಿಜ್ಞಾಸೆಯು ನಮ್ಮ ವೈಯಾಕರಣರಿಗೂ ಆಲಂಕಾರಿಕರಿಗೂ ಬಹುಕಾಲದಿಂದ ಪರಿಚಿತವಾದುದು. ಆದಕಾರಣ ಪ್ರಾಣಿಶಾಸ್ತ್ರದ ಈ ಮೂಲೆಯಲ್ಲಿ ನಡೆದ ಒಂದು ವಿವಾದವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸಲಾಗಿದೆ.

ವಿವಾದದ ಸ್ವರೂಪವು ಹೀಗಿದೆ. ಭಾರತಕ್ಕೂ ಸಿಂಹಳಕ್ಕೂ ನಡುವಣ ಮನ್ನಾರ್ ಖಾರಿಯ ಮುತ್ತಿನ ಸಿಂಪಿಗಳಲ್ಲಿ ಗೋಲಾಕಾರದ ಸಣ್ಣ ಮರಿಹುಳುಗಳು ಹೇರಳವಾಗಿ ದೊರೆಯುತ್ತವೆ. ೧೯೦೪ರಲ್ಲಿ ಷಿಪ್ಲೆ, ಹಾರ್ನೆಲ್ ಎಂಬ ಇಬ್ಬರು ವಿದ್ವಾಂಸರು ಇವನ್ನು ಒಂದು ಹೊಸ ಲಾಡಿಹುಳುವಿನ ಎಳೆಯ ಅವಸ್ಥೆಯೆಂದು ನಿರ್ಣಯಿಸಿ, ಆ ಹುಳುವಿಗೆ ಟೆಟ್ರಾರಿಂಕಸ್ ಯೂನಿಯೋನಿಫ್ಯಾಕ್ಟರ್ ಎಂದು ಹೆಸರಿಟ್ಟರು. ಎಂಟು ವರ್ಷಗಳ ತರುವಾಯ, ೧೯೧೨ರಲ್ಲಿ, ಲೈಸ್ಟರ್ ಜೇಮ್ಸನ್ ಅವರು ಅದೇ ಮರಿಹುಳುಗಳನ್ನು ಪರೀಕ್ಷಿಸಿ ಅವು ಬೇರೊಂದು ಜಾತಿಗೆ ಸೇರಿದವೆಂದು ವಾದಿಸಿ, ಟೈಲೋಸೆಫಲಮ್ ಲೂಡಿಫಿಕಾನ್ಸ್ ಎಂಬ ಹೆಸರನ್ನು ಕೊಟ್ಟರು. ಯೂನಿಯೋನಿಫ್ಯಾಕ್ಟರ್ ಎಂಬ ಲ್ಯಾಟಿನ್ ಶಬ್ದಕ್ಕೆ ‘ಮುತ್ತು ಮಾಡುವುದು’ ಎಂದರ್ಥ. ಲೂಡಿಫಿಕಾನ್ಸ್ ಎಂಬುದಕ್ಕೆ ‘ಅಪಹಾಸ್ಯ ಮಾಡುತ್ತಿರುವುದು, ವಂಚಿಸುತ್ತಿರುವುದು’ ಎಂದರ್ಥ. ಒಂದೇ ಹುಳುವು ಒಬ್ಬರಿಗೆ ಕರ್ತೃವಾಗಿಯೂ ಮತ್ತೊಬ್ಬರಿಗೆ ವಂಚಕನಾಗಿಯೂ ಕಂಡುದೇಕೆ, ಇವುಗಳಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು ಎಂಬುದೇ ಈ ಲೇಖನದ ಪ್ರಶ್ನೆ.

೨. ಮುತ್ತಿನ ಉತ್ಪತ್ತಿಯನ್ನು ಕುರಿತ ಪೂರ್ವಮತಗಳು

ಮುತ್ತಿನ ಉತ್ಪತ್ತಿಯ ವಿಷಯದಲ್ಲಿ ನಮ್ಮ ದೇಶದ ಕವಿಸಮಯವು ಸುಪ್ರಸಿದ್ಧವಾಗಿದೆ. ಮೇಘದ ನೀರು ಕಡಲಿನ ಸಿಂಪಿಯಲ್ಲಿ ಬಿದ್ದು ಮುತ್ತಾಗುವುದನ್ನು ಕಾಳಿದಾಸನು ಮಾಳವಿಕಾಗ್ನಿಮಿತ್ರದಲ್ಲಿ ಉಪದೇಶಕ್ಕೂ ಪಾತ್ರಕ್ಕೂ ದೃಷ್ಟಾಂತವಾಗಿ ಬಳಸಿದ್ದಾನೆ. ಸ್ವಾತಿಯ ಹನಿಯ ದೃಷ್ಟಾಂತವು ಭರ್ತೃಹರಿಯ ನೀತಿಶತಕದಲ್ಲಿಯೂ ಬಂದಿದೆ. ವರಾಹಮಿಹಿರನ ಬೃಹತ್ಸಂಹಿತೆಯಾದರೋ ಆನೆ, ಹಾವು, ಸಿಂಪಿ, ಶಂಖ, ಮೋಡ, ಬಿದಿರು, ತಿಮಿಮತ್ಸ್ಯ, ಹಂದಿ ಎಂಬ ಎಂಟು ಮೂಲಗಳನ್ನು ಹೇಳಿ, ಸಿಂಪಿಯಲ್ಲಿ ಹುಟ್ಟಿದುದೇ ಉತ್ತಮವೂ ಹೇರಳವೂ ಆದುದೆಂದು ವ್ಯವಹಾರದೃಷ್ಟಿಯಿಂದ ನಿರ್ಣಯಿಸುತ್ತದೆ. ಮುತ್ತು ದೊರೆಯುವ ದೇಶಗಳಲ್ಲಿ ಸಿಂಹಳವನ್ನೂ ತಾಮ್ರಪರ್ಣಿಯನ್ನೂ ಎಣಿಸುತ್ತದೆ. ಇವೆರಡೂ ಮನ್ನಾರ್ ಖಾರಿಯ ಎರಡು ದಡಗಳೆಂಬುದನ್ನು ವಾಚಕರು ಗಮನಿಸಬೇಕು. ರೋಮಿನ ಪ್ಲಿನಿಯೂ ಸಿಂಪಿಗಳು ಇಬ್ಬನಿಯಿಂದ ಗರ್ಭಧರಿಸುತ್ತವೆಂದು ಬರೆದಿದ್ದಾನೆ.

ಯೂರೋಪಿನಲ್ಲಿ ೧೭೧೭ರಲ್ಲಿ ರಿಯೋಮ್ಯೂರ್ ಅವರು ಮುತ್ತಿನ ಪದರಗಳೂ ಚಿಪ್ಪಿನ ಪದರಗಳೂ ಒಂದೇ ಬಗೆಯವೆಂದು ತೋರಿಸಿದರು. ಇದರಿಂದ ಮುತ್ತು ಸಿಂಪಿಯ ದೇಹದಿಂದಲೇ ಸ್ರವಿಸಿದ ದ್ರವ್ಯವೆಂಬುದು ಸ್ಪಷ್ಟವಾಯಿತು. ಉಳಿದ ಪ್ರಶ್ನೆಯೇನೆಂದರೆ, ಚಿಪ್ಪಿನ ಮೇಲೆ ಹರಡಬೇಕಾದ ಆ ದ್ರವ್ಯವು ಮಾಂಸದ ಒಳಗೆ ಗುಂಡಾಗಿ ಏಕೆ ಗಟ್ಟಿಯಾಗುತ್ತದೆ? ಮರಳಿನ ಕಣವು ಒಳಹೊಕ್ಕು ಕಾಡುವುದರಿಂದ ಎಂಬುದು ಜನಜನಿತವಾದ ಉತ್ತರ. ೧೮೫೨ರಲ್ಲಿ ಇಟಲಿಯ ಡಿ ಫಿಲಿಪ್ಪಿ ಅವರು ಸಿಹಿನೀರಿನ ಚಿಪ್ಪಿನ ಪ್ರಾಣಿಯೊಂದರಲ್ಲಿ ಮುತ್ತುಗಳಿಗೆ ಪರೋಪಜೀವಿಯಾದ ಒಂದು ಚಪ್ಪಟೆ ಹುಳುವೇ ಕಾರಣವೆಂದು ಪ್ರತಿಪಾದಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಸಿಂಹಳದಲ್ಲಿಯೇ ಹುಟ್ಟಿದ ವೈದ್ಯರೂ ಪ್ರಕೃತಿಶಾಸ್ತ್ರಜ್ಞರೂ ಆದ ಕೆಲಾರ್ಟ್ ಅವರು ಸರಕಾರದ ಅಪೇಕ್ಷೆಯಂತೆ ಅಲ್ಲಿಯ ಮುತ್ತಿನ ಸಿಂಪಿಗಳನ್ನು ಪರೀಕ್ಷಿಸಿ, ಅವುಗಳ ದೇಹದಲ್ಲಿ ಹುಳುಗಳನ್ನು ಕಂಡು, ಮುತ್ತಿನ ಉತ್ಪತ್ತಿಗೆ ಇವು ಸಹಾಯಕವೆಂದು ಸೂಚಿಸಿದರು. ೧೮೬೦ರಲ್ಲಿ ಅವರು ಕಾಲವಾದುದರಿಂದ ಆ ಶೋಧವು ಅಲ್ಲಿಗೇ ನಿಂತಿತು.

ಸ್ವಾತಿಯ ಹನಿ, ಮರಳಿನ ಕಣ, ಹುಳು ಈ ಮೂರೂ ಮತಗಳಿಗೆ ಒಂದು ಸಾಮ್ಯವುಂಟು. ಮೂರರಲ್ಲಿಯೂ ಹೊರಗಿನಿಂದ ಬಂದ ವಸ್ತುವೇ ಪ್ರಧಾನ. ಸಿಂಪಿಯು ಕೇವಲ ಪಾತ್ರೆ. ಈ ಸಾಮ್ಯವು ಮುಂದಿನ ವಿಚಾರಕ್ಕೆ ಉಪಯುಕ್ತವಾದುದು.

೩. ಲಾಡಿಹುಳುಗಳ ಜ್ಞಾನವು ಬೆಳೆದ ಬಗೆ

ಕರುಳಿನ ಹುಳುಗಳನ್ನು ಪ್ರಾಚೀನರು ಅರಿಯದಿರಲಿಲ್ಲ. ಚರಕ ಸುಶ್ರುತರು ಇಪ್ಪತ್ತು ವಿಧವಾದ ಕ್ರಿಮಿಗಳನ್ನು ಹೇಳಿದ್ದಾರೆ. ಗ್ರೀಸಿನ ಅರಿಸ್ಟಾಟಲನು ಚಪ್ಪಟೆಯಾದ ಹುಳುವನ್ನು ದುಂಡನೆಯ ಹುಳುಗಳಿಂದ ಬೇರ್ಪಡಿಸಿದ್ದಾನೆ. ಆದರೆ ಲಾಡಿಯಂತಿರುವ ಈ ಪ್ರಾಣಿಗೆ ತಲೆ ಯಾವ ಕಡೆ ಎಂಬುದು ಬಹುಕಾಲ ನಿಶ್ಚಯವಾಗಿರಲಿಲ್ಲ. ೧೬೮೩ರಲ್ಲಿ ಎಡ್ವರ್ಡ್ ಟೈಸನ್ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸೂಕ್ಷ್ಮದರ್ಶಕದ ಸಹಾಯದಿಂದ ಅದರ ತಲೆಯನ್ನು ವರ್ಣಿಸಿದರು. ೧೮೦೮ರಿಂದ ೧೮೧೦ರವರೆಗೆ ಪ್ರಕಟವಾದ ರುಡಾಲ್ಫಿ ಅವರ ಗ್ರಂಥದಲ್ಲಿ ಈ ವರ್ಗದ ಹುಳುಗಳು ಕ್ರಮವಾಗಿ ವಿಂಗಡಿಸಲ್ಪಟ್ಟವು.

ಈ ಹುಳುವಿಗೆ ಬಾಯಿಯೂ ಇಲ್ಲ, ಅನ್ನನಾಳವೂ ಇಲ್ಲ. ಆತಿಥೇಯ ಪ್ರಾಣಿಯ ಕರುಳಿನ ರಸವನ್ನು ಚರ್ಮದಿಂದಲೇ ಹೀರುತ್ತದೆ. ಚಿಕ್ಕದಾದ ತಲೆಯಲ್ಲಿ ಅಂಟಿಕೊಳ್ಳುವುದಕ್ಕೆ ಬೇಕಾದ ಬಟ್ಟಲುಗಳೋ ಕೊಕ್ಕೆಗಳೋ ಇರುತ್ತವೆ. ಹಿಂದೆ ಸಾಲಾಗಿ ಗೆಣ್ಣುಗಳು. ಸಾಮಾನ್ಯವಾಗಿ ಒಂದೊಂದು ಗೆಣ್ಣಿನಲ್ಲಿಯೂ ಗಂಡು ಹೆಣ್ಣುಗಳೆರಡರ ಅಂಗಗಳೂ ಇರುವುವು. ಪ್ರಭೇದಗಳನ್ನು ಗುರುತಿಸುವುದು ಮುಖ್ಯವಾಗಿ ತಲೆಯ ರಚನೆಯಿಂದಲೂ ಗೆಣ್ಣುಗಳ ಒಳಗಣ ಅಂಗಗಳಿಂದಲೂ. ಮರಿಹುಳುವಿಗಾದರೋ ಬೆಳೆದ ಗೆಣ್ಣುಗಳಿಲ್ಲ. ಕೆಲವು ವೇಳೆ ತಲೆಯೂ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಆದುದರಿಂದ ಮರಿಯನ್ನು ನೋಡಿ ತಾಯಿಯನ್ನು ಊಹಿಸುವುದು ಈ ಶಾಸ್ತ್ರದ ಅತ್ಯಂತ ಕಷ್ಟವಾದ ಕೆಲಸ.

ಈ ಕಷ್ಟವನ್ನು ಮೊದಲು ಬಿಡಿಸಿದವರಲ್ಲಿ ಬೆಲ್ಜಿಯಂ ದೇಶದ ವಾನ್ ಬೆನೆಡೆನ್ ಅವರು ಪ್ರಮುಖರು. ಸಾಧಾರಣ ಮೀನುಗಳ ಮಾಂಸದಲ್ಲಿ ಚೀಲಗಟ್ಟಿಕೊಂಡು ಮಲಗಿರುವ ಹುಳುಗಳು ಸ್ವತಂತ್ರ ಪ್ರಾಣಿಗಳಲ್ಲ. ಆ ಮೀನುಗಳನ್ನು ಶಾರ್ಕುಗಳೂ ತೊರಕೆ ಮೀನುಗಳೂ ನುಂಗಿದಾಗ ಅವುಗಳ ಕರುಳಿನಲ್ಲಿ ಇವೇ ಲಾಡಿಹುಳುಗಳಾಗಿ ಬೆಳೆಯುತ್ತವೆ ಎಂಬುದನ್ನು ೧೮೫೦ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿದರು. ಅಂದಿನಿಂದ ಕಡಲಿನ ಲಾಡಿಹುಳುವಿನ ವರ್ಣನೆಗೆ ಎರಡು ಭಾಗಗಳಾದವು: ಕಣ್ಣಿಗೆ ಕಾಣುವ ರೂಪದ ವಿವರಣೆ ಒಂದು, ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ಜೀವನಕ್ರಮದ ಅನುಮಾನ ಮತ್ತೊಂದು. ಮೊದಲನೆಯದು ಪ್ರತ್ಯಕ್ಷ, ಎರಡನೆಯದು ಬಹುವೇಳೆ ಅನುಮಾನ. ಮನ್ನಾರ್ ಖಾರಿಯ ಶೋಧದಲ್ಲಿ ಇವೆರಡೂ ಒಂದರಲ್ಲೊಂದು ಬೆರೆತುಹೋದವು.

೪. ಮನ್ನಾರ್ ಖಾರಿಯ ಶೋಧ

ಸಿಂಹಳದ ಮುತ್ತಿನ ಬೇಟೆಯು ಸರಕಾರದ ಸ್ವಾಮ್ಯವಾಗಿತ್ತು. ಮುಳುಗುಗಾರರು ತಂದ ಸಿಂಪಿಗಳಲ್ಲಿ ಮೂರನೆಯ ಒಂದು ಪಾಲು ಅವರಿಗೆ, ಎರಡು ಪಾಲು ಸರಕಾರಕ್ಕೆ; ಸರಕಾರದ ಪಾಲನ್ನು ಸಾವಿರದ ಲೆಕ್ಕದಲ್ಲಿ ಹರಾಜು ಹಾಕುತ್ತಿದ್ದರು. ಕೊಂಡವರು ಸಿಂಪಿಗಳನ್ನು ಕೊಳೆಯಿಸಿ, ತೊಳೆದು, ಮುತ್ತುಗಳನ್ನು ಆರಿಸಿಕೊಳ್ಳುತ್ತಿದ್ದರು. ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಈ ವ್ಯಾಪಾರಕ್ಕೆ ದೇಶದೇಶಗಳ ವರ್ತಕರು ಬರುತ್ತಿದ್ದರು. ಆದರೆ ೧೮೯೧ರ ಬೇಟೆಯ ತರುವಾಯ ಮುತ್ತಿನ ದಿಬ್ಬಗಳು ಬರಿದಾಗಿ, ಹತ್ತು ವರ್ಷಗಳಿಗೂ ಮೇಲ್ಪಟ್ಟು ಬೇಟೆಯೇ ನಡೆಯಲಿಲ್ಲ. ಕಾರಣವನ್ನು ಶೋಧಿಸುವುದಕ್ಕಾಗಿ ಸರಕಾರವು ಲಿವರ್‌ಪೂಲಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಹರ್ಡ್‌ಮನ್ ಅವರನ್ನು ಕರೆಸಿತು. ೧೯೦೨ರ ಆರಂಭದಲ್ಲಿ ಅವರು ಸಹಾಯಕರಾದ ಜೇಮ್ಸ್ ಹಾರ್ನೆಲ್ ಅವರೊಡನೆ ಸಿಂಹಳಕ್ಕೆ ಬಂದರು. ಅವರು ಹಿಂದಿರುಗಿದ ಮೇಲೆಯೂ ಹಾರ್ನೆಲ್ ಅವರು ಅಲ್ಲಿಯೇ ನಿಂತು ಕೆಲಸವನ್ನು ಮುಂದುವರಿಸಿದರು. ಇದೇ ಹಾರ್ನೆಲ್ ಅವರು ಮುಂದೆ ಮದ್ರಾಸ್ ಪ್ರಾಂತದ ಮತ್ಸ್ಯೋದ್ಯಮ ಇಲಾಖೆಯ ಮುಖ್ಯಾಧಿಕಾರಿಯಾದರು. ನಮ್ಮ ದಕ್ಷಿಣ ಕನ್ನಡದ ಕರಾವಳಿಯು ಆಗ ಆ ಪ್ರಾಂತಕ್ಕೆ ಸೇರಿದ್ದಿತು.

ಶೋಧದ ಫಲವು ೧೯೦೩ರಿಂದ ೧೯೦೬ರವರೆಗೆ ಐದು ಸಂಪುಟಗಳಲ್ಲಿ ರಾಯಲ್ ಸೊಸೈಟಿಯಿಂದ ಪ್ರಕಟವಾಯಿತು. ಹರ್ಡ್‌ಮನ್ ಅವರು ಮುತ್ತುಗಳನ್ನು ಹುಟ್ಟುವ ಸ್ಥಾನಕ್ಕೂ ಕಾರಣಕ್ಕೂ ಅನುಸಾರವಾಗಿ ವಿಂಗಡಿಸಿದರು. ಸ್ನಾಯುಗಳ ಬಳಿ ಸುಣ್ಣದ ಸಣ್ಣ ಕಣಗಳ ಸುತ್ತ ಹುಟ್ಟುವ ಮುತ್ತುಗಳಿವೆ. ಅವುಗಳಿಗೆ ಹುಳುವಿನ ಸಂಬಂಧವಿಲ್ಲ. ಆದರೆ ಅತ್ಯುತ್ತಮವಾದ ಮುತ್ತುಗಳು ಮಾಂಸದಲ್ಲಿಯ ಕೋಶಗಳಲ್ಲಿ ಹುಟ್ಟುವಂಥವು. ಅವುಗಳ ನಡುವೆ ಇರುವುದು ಸತ್ತ ಮರಿಹುಳು ಎಂಬುದು ಅವರ ಸಿದ್ಧಾಂತ. ಎರಡನೆಯ ಸಂಪುಟದಲ್ಲಿ ಕೇಂಬ್ರಿಜ್ಜಿನ ಷಿಪ್ಲೆ ಅವರೂ ಹಾರ್ನೆಲ್ ಅವರೂ ಕೂಡಿ ಹುಳುವನ್ನು ವರ್ಣಿಸಿ ಹೆಸರಿಟ್ಟುದು ಈ ಸಿದ್ಧಾಂತದ ಬಲದಿಂದಲೇ.

ಟೆಟ್ರಾರಿಂಕಸ್ ಎಂದರೆ ‘ನಾಲ್ಕು ಮೂತಿಯದು’. ಈ ಗುಂಪಿನ ಹುಳುಗಳ ತಲೆಯಿಂದ ಕೊಕ್ಕೆಗಳು ತುಂಬಿದ ನಾಲ್ಕು ಸೊಂಡಿಲುಗಳು ಹೊರಕ್ಕೆ ಚಾಚಿ ಒಳಕ್ಕೆ ಸೇರುತ್ತವೆ. ಸಿಂಪಿಯಲ್ಲಿ ದೊರೆತ ಗೋಲಾಕಾರದ ಮರಿಗಳಲ್ಲಿ ಇಂತಹ ಸೊಂಡಿಲುಗಳಿರಲಿಲ್ಲ. ಇವು ಇನ್ನೂ ಎಳೆಯವು, ಮುಂದೆ ಸೊಂಡಿಲು ಮೂಡುವುದು ಎಂದು ಭಾವಿಸಲಾಯಿತು. ಸಿಂಪಿಗಳನ್ನು ಬ್ಯಾಲಿಸ್ಟೀಸ್ ಜಾತಿಯ ಗಟ್ಟಿಹಲ್ಲಿನ ಮೀನುಗಳು ಒಡೆದು ತಿನ್ನುತ್ತವೆ. ಅವನ್ನು ದೊಡ್ಡ ತೊರಕೆ ಮೀನುಗಳು ತಿನ್ನುತ್ತವೆ. ತೊರಕೆಯ ಕರುಳಿನಲ್ಲಿ ಹುಳು ಪ್ರಾಯಕ್ಕೆ ಬರುತ್ತದೆ. ಅದರ ಮೊಟ್ಟೆಗಳು ನೀರಿಗೆ ಬಿದ್ದು ಮರಳಿ ಸಿಂಪಿಯನ್ನು ಸೇರುತ್ತವೆ. ಇದು ಆಗ ಕಲ್ಪಿಸಲ್ಪಟ್ಟ ಚಕ್ರ. ಪ್ರಾಯದ ಹುಳುವನ್ನು ಹುಡುಕುತ್ತ ಮೀನುಗಳ ಕರುಳುಗಳನ್ನು ಬಿಡಿಸಿದುದರಿಂದ ಷಿಪ್ಲೆ, ಹಾರ್ನೆಲ್ ಅವರಿಗೆ ಸಿಂಹಳದ ಕಡಲಿನ ಅನೇಕ ಹೊಸ ಲಾಡಿಹುಳುಗಳು ದೊರೆತವು. ೧೯೦೬ರ ಐದನೆಯ ಸಂಪುಟದಲ್ಲಿ ಅವುಗಳ ವರ್ಣನೆಯಿದೆ. ಮುತ್ತಿನ ಆಸೆಯಿಂದ ಆರಂಭವಾದ ಹುಡುಕಾಟವು ನಮ್ಮ ಕಡಲುಗಳ ಲಾಡಿಹುಳುಗಳ ಅಧ್ಯಯನಕ್ಕೆ ಹೀಗೆ ಅಡಿಗಲ್ಲಾಯಿತು.

ಈ ಚಕ್ರವು ನಿಜವಾಗಿದ್ದಲ್ಲಿ ಅದರ ಫಲಿತಾಂಶಗಳು ಅಲ್ಪವಾದುವಲ್ಲ. ಸಿಂಪಿಯನ್ನು ತಿನ್ನುವ ಮೀನು ಬೇಟೆಗೆ ಶತ್ರುವೆಂದು ಎಲ್ಲರೂ ತಿಳಿದಿದ್ದರು. ಈ ಮತದಂತೆ ಆ ಮೀನೂ ಅದನ್ನು ನುಂಗುವ ತೊರಕೆಯೂ ಇಲ್ಲದಿದ್ದರೆ ಹುಳುವಿಲ್ಲ, ಹುಳುವಿಲ್ಲದಿದ್ದರೆ ಮುತ್ತಿಲ್ಲ. ಹುಳುವನ್ನು ಹೆಚ್ಚಿಸಿದರೆ ಮುತ್ತೂ ಹೆಚ್ಚೀತೆಂಬ ಆಸೆಯೂ ಹುಟ್ಟುವುದು ಸಹಜ. ೧೯೦೩ರಲ್ಲಿ ಬೇಟೆಯು ಪುನಃ ಆರಂಭವಾಗಿ ೧೯೦೫ರಲ್ಲಿ ಅತಿ ಸಮೃದ್ಧವಾಯಿತು. ೧೯೦೬ರಲ್ಲಿ ಒಂದು ಖಾಸಗಿ ಸಂಸ್ಥೆಯು ಮುತ್ತಿನ ದಿಬ್ಬಗಳನ್ನು ಇಪ್ಪತ್ತು ವರ್ಷಗಳ ಗುತ್ತಿಗೆಗೆ ಹಿಡಿಯಿತು. ಆದರೆ ೧೯೦೭ರ ತರುವಾಯ ದಿಬ್ಬಗಳು ಪುನಃ ಬರಿದಾದವು; ೧೯೧೨ರಲ್ಲಿ ಸಂಸ್ಥೆಯು ಮುಚ್ಚಿಹೋಯಿತು. ಇದಕ್ಕೆ ಹುಳುವಿನ ಸಿದ್ಧಾಂತವು ಕಾರಣವೆಂದು ಹೇಳಲಾಗದು. ಮುತ್ತಿನ ದಿಬ್ಬಗಳು ಹಿಂದಿನ ಕಾಲದಲ್ಲಿಯೂ ಹೀಗೆಯೇ ತುಂಬುತ್ತಲೂ ಬರಿದಾಗುತ್ತಲೂ ಇದ್ದವು. ಆದರೆ ಆ ಸಿದ್ಧಾಂತವು ಕೇವಲ ಪಂಡಿತರ ಕೋಣೆಯ ಮಾತಾಗಿರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

೫. ಜೇಮ್ಸನ್ ಅವರ ಆಕ್ಷೇಪ

ಜೇಮ್ಸನ್ ಅವರು ಹುಳುವಿನ ಮತಕ್ಕೆ ಸ್ವಭಾವತಃ ವಿರೋಧಿಗಳಾಗಿರಲಿಲ್ಲ. ಇಂಗ್ಲೆಂಡಿನ ಕಡಲಿನ ಮತ್ತೊಂದು ಬಗೆಯ ಚಿಪ್ಪಿನ ಪ್ರಾಣಿಯಲ್ಲಿ ಮುತ್ತಿಗೆ ಪರೋಪಜೀವಿಯಾದ ಹುಳುವೇ ನಿಮಿತ್ತವೆಂದು ೧೯೦೨ರಲ್ಲಿ ಬರೆದವರು ಅವರೇ. ಆದಕಾರಣ ೧೯೧೨ರ ಅವರ ಆಕ್ಷೇಪಕ್ಕೆ ವಿಶೇಷವಾದ ತೂಕವುಂಟು.

ಅವರ ವಾದದಲ್ಲಿ ಎರಡು ಅಂಶಗಳು. ಮೊದಲನೆಯದು ಗುರುತಿನ ವಿಷಯ. ಸಿಂಪಿಯಲ್ಲಿಯ ಗೋಲಾಕಾರದ ಮರಿಯು ಸೊಂಡಿಲು ಮೂಡದ ಟೆಟ್ರಾರಿಂಕಸ್ ಅಲ್ಲ. ಎಂದಿಗೂ ಸೊಂಡಿಲು ಮೂಡದಂತಹ ಬೇರೆ ಜಾತಿಯ ಹುಳು. ಅಮೆರಿಕದ ಎಡ್ವಿನ್ ಲಿಂಟನ್ ಅವರು ಅಟ್ಲಾಂಟಿಕ್ ತೀರದ ತೊರಕೆ ಮೀನೊಂದರ ಕರುಳಿನಲ್ಲಿ ಕಂಡ ಹೊಸ ಹುಳುವಿಗಾಗಿ ೧೮೯೦ರಲ್ಲಿ ಟೈಲೋಸೆಫಲಮ್ ಎಂಬ ಜಾತಿಯನ್ನು ಸ್ಥಾಪಿಸಿದ್ದರು. ‘ಗಂಟುತಲೆಯದು’ ಎಂದು ಅದರ ಅರ್ಥ. ಮೆತ್ತೆಯಂತೆ ದುಂಡಗಿರುವ ಮುಂಭಾಗ, ಅದರ ಹಿಂದೆ ನಾಲ್ಕು ಸಣ್ಣ ಬಟ್ಟಲುಗಳು ಇದರ ಲಕ್ಷಣ. ಸಿಂಪಿಯ ಮರಿಯ ಲಕ್ಷಣಗಳು ಇದಕ್ಕೆ ಹೊಂದುತ್ತವೆ ಎಂಬುದು ಜೇಮ್ಸನ್ ಅವರ ನಿರ್ಣಯ. ಎರಡನೆಯದು ಕಾರಣತ್ವದ ವಿಷಯ. ಮುತ್ತಿನ ನಡುವೆ ಹುಳುವಿದೆಯೆಂಬುದಕ್ಕೆ ಕೊಟ್ಟ ಪ್ರಮಾಣಗಳು ಸಾಲವು. ಒಂದೇ ಸಿಂಪಿಯಲ್ಲಿ ಹುಳುವೂ ಮುತ್ತೂ ಇವೆಯೆಂಬ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದು. ಮುತ್ತು ಹುಟ್ಟಬೇಕಾದರೆ ಅವಶ್ಯವಾದುದು ಚಿಪ್ಪನ್ನು ಸ್ರವಿಸುವ ಹೊದಿಕೆಯ ಕಣಗಳು ಒಳಸರಿದು ಚೀಲವಾಗುವುದು. ಆ ಚೀಲವೇ ಮುತ್ತನ್ನು ಮಾಡುವುದು. ಸಿಂಪಿಯ ಹುಳುವನ್ನು ಸುತ್ತಿಕೊಂಡಿರುವ ಚೀಲವು ಬೇರೆ ಬಗೆಯದು.

ಈ ವಾದಗಳನ್ನು ಮುಗಿಸಿ ಅವರು ಮರಿಹುಳುವಿಗೆ ಇಟ್ಟ ಹೆಸರೇ ಲೂಡಿಫಿಕಾನ್ಸ್. ಅದರೊಡನೆ ದೊರೆತ ಇನ್ನೊಂದು ಸಣ್ಣ ಮರಿಗೆ ‘ಮೈನಸ್’, ಎಂದರೆ ‘ಕಿರಿದಾದುದು’, ಎಂದು ಹೆಸರಿಟ್ಟರು. ಮುಂದೆ, ಗುತ್ತಿಗೆಯ ಕಾಲದಲ್ಲಿ ಸಿಂಹಳದಲ್ಲಿ ಈ ಹುಳುಗಳನ್ನೇ ಅಭ್ಯಾಸಮಾಡಿದ್ದ ಸೌತ್‌ವೆಲ್ ಅವರು ೧೯೨೪ರಲ್ಲಿ ಈ ಪ್ರಶ್ನೆಯನ್ನು ಪುನಃ ವಿಚಾರಿಸಿದರು. ೧೯೩೦ರಲ್ಲಿ ಭಾರತದ ಲಾಡಿಹುಳುಗಳನ್ನು ಕುರಿತ ಅವರ ಎರಡು ಸಂಪುಟಗಳು ಪ್ರಕಟವಾದವು.

೬. ಹೆಸರಿನ ವಿಚಾರ

ಇಲ್ಲಿ ಒಂದು ಸಂದೇಹವು ಬರುತ್ತದೆ. ಹುಳುವು ಮುತ್ತನ್ನು ಮಾಡುವುದಿಲ್ಲವೆಂದಾದರೆ ‘ಮುತ್ತು ಮಾಡುವುದು’ ಎಂಬ ಹೆಸರನ್ನು ತೆಗೆದುಹಾಕಬಾರದೇಕೆ? ಪ್ರಾಣಿಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ೧೭೫೮ರ ಲಿನೀಯಸ್ಸಿನ ಗ್ರಂಥದಿಂದ ಎಣಿಸಿ ಯಾವ ಹೆಸರು ಮೊದಲೋ ಅದಕ್ಕೆ ಪ್ರಾಶಸ್ತ್ಯ. ಅರ್ಥವು ಹೊಂದುವುದಿಲ್ಲವೆಂಬ ಕಾರಣಕ್ಕಾಗಿ ಹೆಸರನ್ನು ತ್ಯಜಿಸತಕ್ಕದ್ದಲ್ಲ. ಜಾತಿನಾಮವು ಬದಲಾಗಬಹುದು. ಟೆಟ್ರಾರಿಂಕಸ್ ಎಂಬ ಹಳೆಯ ಜಾತಿಯು ಇಂದು ಬಳಕೆಯಲ್ಲಿಲ್ಲ. ಅದರ ಪ್ರಭೇದಗಳು ಅನೇಕ ಹೊಸ ಜಾತಿಗಳಲ್ಲಿ ಹಂಚಿಹೋಗಿವೆ. ಆದರೆ ಪ್ರಭೇದದ ಹೆಸರು ಹೊಸ ಜಾತಿಗೂ ಹಿಂಬಾಲಿಸಿ ಹೋಗುತ್ತದೆ. ಅದು ವಿಶೇಷಣವಾಗಿದ್ದರೆ ವಿಶೇಷ್ಯದ ಲಿಂಗವನ್ನು ಅನುಸರಿಸಬೇಕೆಂಬ ನಿಯಮವೂ ಉಂಟು. ಟೈಲೋಸೆಫಲಮ್ ನಪುಂಸಕವಾದುದರಿಂದಲೇ ಅದಕ್ಕೆ ಹೊಂದಿದ ವಿಶೇಷಣವು ‘ಮೈನಸ್’ ಎಂದು ನಪುಂಸಕರೂಪದಲ್ಲಿದೆ.

ಈ ನಿಯಮದ ತಾತ್ಪರ್ಯವನ್ನು ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದು ಸುಲಭ. ಪ್ರಾಣಿಶಾಸ್ತ್ರದ ಹೆಸರು ಹುಟ್ಟುವಾಗ ಯೌಗಿಕವಾಗಿರುತ್ತದೆ, ಪ್ರಕಟವಾದೊಡನೆಯೇ ರೂಢವಾಗುತ್ತದೆ. ‘ಕುಶಲ’ ಎಂಬ ಶಬ್ದವು ದರ್ಭೆಯನ್ನು ತರುವವನೆಂಬ ಅವಯವಾರ್ಥವನ್ನು ಬಿಟ್ಟು ಸಮರ್ಥನೆಂಬ ಅರ್ಥದಲ್ಲಿ ನಿಂತಿರುವುದನ್ನು ಆಲಂಕಾರಿಕರು ಎತ್ತಿ ತೋರಿಸುತ್ತಾರೆ. ಹಾಗೆಯೇ ಯೂನಿಯೋನಿಫ್ಯಾಕ್ಟರ್ ಎಂಬುದು ಈಗ ಮುತ್ತನ್ನಾಗಲಿ ಮಾಡುವಿಕೆಯನ್ನಾಗಲಿ ಹೇಳದೆ ಒಂದು ಹುಳುವನ್ನು ಮಾತ್ರ ನಿರ್ದೇಶಿಸುತ್ತದೆ. ಯೂನಿಯೋ ಎಂಬ ಶಬ್ದದ ಕಥೆಯೂ ಇಂಥದೇ: ಎರಡು ಮುತ್ತುಗಳು ಒಂದೇ ಸಮನಾಗಿರುವುದಿಲ್ಲವಾದುದರಿಂದ ‘ಏಕೈಕ’ ಎಂಬರ್ಥದ ಈ ಹೆಸರು ದೊಡ್ಡ ಮುತ್ತಿಗೆ ಬಂದಿತೆಂದು ಪ್ಲಿನಿಯು ಹೇಳುತ್ತಾನೆ.

ಆದರೆ ನಿರ್ದೇಶನಕ್ಕೆ ಆಧಾರ ಬೇಕು. ಒಂದೇ ವರ್ಣನೆಯಲ್ಲಿ ಎರಡು ಪ್ರಾಣಿಗಳು ಬೆರೆತಿದ್ದರೆ ಹೆಸರು ಯಾವುದಕ್ಕೆ? ಈ ತೊಡಕನ್ನು ತಪ್ಪಿಸುವುದಕ್ಕಾಗಿಯೇ ಆದರ್ಶಮಾದರಿಯೆಂಬ ಏರ್ಪಾಡು ಇದೆ. ೨೦೦೦ನೆಯ ವರ್ಷದಿಂದೀಚೆಗೆ ಹೊಸ ಪ್ರಭೇದವನ್ನು ಸ್ಥಾಪಿಸುವವರು ಯಾವ ಮಾದರಿಗೆ ಅಥವಾ ಮಾದರಿಗಳಿಗೆ ಆ ಹೆಸರು ಸೇರಿದುದೆಂದು ಸ್ಪಷ್ಟವಾಗಿ ಗೊತ್ತುಮಾಡಬೇಕು. ಮೀನಿನ ಕರುಳಿನಿಂದ ತೆಗೆದ ಹುಳುವನ್ನು ಫಾರ್ಮಲಿನ್ನಿನಲ್ಲಿಟ್ಟು, ಬಣ್ಣ ಕೊಟ್ಟು, ಪಾರದರ್ಶಕವಾಗುವಂತೆ ಮಾಡಿ, ಗಾಜಿನ ಪಟ್ಟಿಯ ಮೇಲೆ ಕೂಡಿಸಿ, ಅಳೆದು, ಚಿತ್ರ ಬರೆದು, ವಸ್ತುಸಂಗ್ರಹಾಲಯದಲ್ಲಿ ಇಡುತ್ತಾರೆ. ಈಗ ಇದರೊಡನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೂ ಡಿಎನ್‌ಎ ಪರೀಕ್ಷೆಯೂ ಸೇರಿವೆ. ಮರಿಯ ಡಿಎನ್‌ಎಯನ್ನು ಪ್ರಾಯದ ಹುಳುವಿನದರೊಡನೆ ಹೋಲಿಸುವುದರಿಂದ, ೧೯೦೪ರಲ್ಲಿ ಊಹೆಗೆ ಬಿಟ್ಟಿದ್ದ ಸಂಬಂಧವನ್ನು ಈಗ ಪರೀಕ್ಷಿಸಿ ನೋಡಬಹುದಾಗಿದೆ.

೭. ಉಪಸಂಹಾರ

ಮುತ್ತಿನ ವಿಷಯದಲ್ಲಿ ಕೊನೆಯ ನಿರ್ಣಯವು ಹುಳುಗಳ ಶಾಸ್ತ್ರದಿಂದ ಬರಲಿಲ್ಲ. ಮುತ್ತಿನ ಕೃಷಿಯಿಂದ ಬಂದಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಜಪಾನೀಯರು ಸಿಂಪಿಯ ಹೊದಿಕೆಯ ಸಣ್ಣ ತುಂಡನ್ನು ಒಂದು ಗುಂಡಿನೊಡನೆ ಮತ್ತೊಂದು ಸಿಂಪಿಯೊಳಗೆ ಸೇರಿಸಿ ದುಂಡನೆಯ ಮುತ್ತುಗಳನ್ನು ಬೆಳೆದರು. ೧೯೭೩ರಲ್ಲಿ ತೂತುಕುಡಿಯ ಬಳಿ, ಮನ್ನಾರ್ ಖಾರಿಯ ನಮ್ಮ ದಡದಲ್ಲಿ, ಕೇಂದ್ರ ಕಡಲ ಮತ್ಸ್ಯ ಸಂಶೋಧನಾಲಯದ ಅಳಗರ್‌ಸ್ವಾಮಿ ಅವರೂ ಸಂಗಡಿಗರೂ ಇದೇ ವಿಧಾನದಿಂದ ಮುತ್ತನ್ನು ಬೆಳೆದರು. ಅಲ್ಲಿ ಹುಳುವಿನ ಪ್ರಸಕ್ತಿಯೇ ಇಲ್ಲ. ಗುಂಡು ಕೇವಲ ಆಕಾರಕ್ಕೆ; ಹೊದಿಕೆಯ ತುಂಡು ಇಲ್ಲದಿದ್ದರೆ ಮುತ್ತಾಗದು.

ಇದುವರೆಗೆ ಹೇಳಿದುದರಿಂದ ಮೂರು ಅಂಶಗಳು ಫಲಿಸುತ್ತವೆ. ಮೊದಲನೆಯದು: ಸ್ವಾತಿಯ ಹನಿ, ಮರಳು, ಹುಳು ಎಂಬ ಮತಗಳು ನಿಮಿತ್ತಕಾರಣವೊಂದನ್ನು ಹೊರಗೆ ಹುಡುಕಿ ಅದಕ್ಕೇ ಕರ್ತೃತ್ವವನ್ನು ಆರೋಪಿಸಿದವು; ಉಪಾದಾನವೂ ನಿರ್ಮಾಣಶಕ್ತಿಯೂ ಸಿಂಪಿಯಲ್ಲಿಯೇ ಇದ್ದವು. ಹುಳುವು ಕೆಲವು ಪ್ರಾಣಿಗಳಲ್ಲಿ ನಿಮಿತ್ತವಾದೀತು. ಮನ್ನಾರ್ ಖಾರಿಯ ಸಿಂಪಿಯಲ್ಲಿ ಅದು ಸಿದ್ಧವಾಗಲಿಲ್ಲ. ಎರಡನೆಯದು: ಷಿಪ್ಲೆ, ಹಾರ್ನೆಲ್ ಅವರ ಕಾರ್ಯದಲ್ಲಿ ಊಹೆಯ ಭಾಗವು ಬಿದ್ದುಹೋದರೂ ವರ್ಣನೆಯ ಭಾಗವು ಉಳಿಯಿತು. ತಾವು ಕಂಡುದನ್ನು ಅಳೆದು ಚಿತ್ರಿಸಿ ಇಟ್ಟಿದ್ದುದರಿಂದಲೇ ಜೇಮ್ಸನ್ ಅವರು ಅದನ್ನು ಪರೀಕ್ಷಿಸಿ ಬೇರೆಯಾಗಿ ಹೇಳುವುದು ಸಾಧ್ಯವಾಯಿತು. ಮೂರನೆಯದು: ಹೆಸರಿನಲ್ಲಿ ಸಿದ್ಧಾಂತವನ್ನು ಅಡಕಮಾಡಿದರೆ ಸಿದ್ಧಾಂತವು ಹೋದ ಮೇಲೆಯೂ ಹೆಸರು ಉಳಿಯುತ್ತದೆ. ‘ಮುತ್ತು ಮಾಡುವುದು’ ಎಂಬುದಕ್ಕೆ ಹೇಗೋ ‘ವಂಚಿಸುತ್ತಿರುವುದು’ ಎಂಬುದಕ್ಕೂ ಹಾಗೆಯೇ ಈ ಮಾತು ಅನ್ವಯಿಸುತ್ತದೆ. ಹುಳುವು ಯಾರನ್ನೂ ವಂಚಿಸಲಿಲ್ಲ. ‘ಗಂಟುತಲೆ’, ‘ಕಿರಿದಾದುದು’ ಎಂಬ ಹೆಸರುಗಳು ಕಣ್ಣಿಗೆ ಕಂಡುದನ್ನಷ್ಟೇ ಹೇಳಿದುದರಿಂದ ಇಂದಿಗೂ ಅರ್ಥದೊಡನೆ ನಿಂತಿವೆ. ಹಳೆಯ ಗ್ರಂಥಗಳಿಗೂ ಕವಿಗಳಿಗೂ ಶಾಸನ ಶೈಲಿಗಳಿಗೂ ನಾವು ಹೆಸರಿಡುವಾಗ, ಕಾಲವನ್ನೋ ಕರ್ತೃವನ್ನೋ ಪ್ರಭಾವವನ್ನೋ ನಿರ್ಣಯಿಸುವ ಮೊದಲೇ ಹೆಸರಿನಲ್ಲಿ ಸೇರಿಸಿಬಿಡುವುದುಂಟು. ಅಂತಹ ಕಡೆಗಳಲ್ಲಿಯೂ ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಗಡಿಯನ್ನು ಕಾಪಾಡಿಕೊಳ್ಳುವುದು ಅವಶ್ಯವೆಂದು ಈ ಚರಿತ್ರೆಯಿಂದ ತಿಳಿದುಬರುತ್ತದೆ.